ಬಿಲ್ಲು ಯಾರು ಕಟ್ಟೂದು? ಕನ್ನಡ ವಿಕಿಪೀಡಿಯದ ಓದುಗರು, ಯಂತ್ರಗಳು ಮತ್ತು ಖರ್ಚು

ಕನ್ನಡ ವಿಕಿಪೀಡಿಯ ಎರಡು ದಶಕ ದಾಟಿದ ನೆನಪಿಗೆ ತರುತ್ತಿರುವ ಈ ಸಂಚಿಕೆಗೆ ಒಂದು ಲೇಖನ ಬೇಕು ಅಂದಾಗ ನಾನು ಖರ್ಚಿನ ವಿಷಯ ಕೇಳಿ ಪಡೆದೆ. ಲೇಖನಗಳ ಸಂಖ್ಯೆ ಮೂವತ್ತು ಸಾವಿರ ದಾಟಿದ ಕಥೆಯನ್ನೂ ಸಮ್ಮಿಲನಗಳ ಕಥೆಯನ್ನೂ ಬರೆಯಲು ನನಗಿಂತ ಬಲ್ಲವರಿದ್ದಾರೆ. ಖರ್ಚಿನ ಕಡೆ ನನ್ನನ್ನು ತಿರುಗಿಸಿದವರು ಅಂಕೋಲೆಯ ನಮ್ಮ ದೊಡ್ಡಪ್ಪ. ನಿವೃತ್ತ ಮಾಸ್ತರರು, ಊರಿನ ವಾಚನಾಲಯದ ಜಮಾಖರ್ಚು ವರ್ಷಗಟ್ಟಲೆ ಬರೆದವರು. 2006ರ ಮಳೆಗಾಲದ ಒಂದು ಸಂಜೆ ಮನೆಯ ಕಂಪ್ಯೂಟರಿನಲ್ಲಿ ಮೊದಲ ಬಾರಿಗೆ ಕನ್ನಡದ ಪುಟ ಸರಿಯಾಗಿ ಮೂಡಿತ್ತು. ಅವರನ್ನು ಕರೆದು ಕೂರಿಸಿದೆ. ಕನ್ನಡಕ ಏರಿಸಿಕೊಂಡು ಮೇಲಿನಿಂದ ಕೆಳಗಿನ ತನಕ ಓದಿದರು. ಹೊಗಳುತ್ತಾರೆ ಅಂದುಕೊಂಡಿದ್ದೆ.

“ಜಾಹೀರಾತು ಇಲ್ಲ, ಚಂದಾ ಇಲ್ಲ. ಇದರ ಬಿಲ್ಲು ಯಾರು ಕಟ್ಟೂದೋ ತಮಾ?”

ಆ ದಿನ ಉತ್ತರ ಗೊತ್ತಿರಲಿಲ್ಲ. ‘ಅಮೆರಿಕದವರು’ ಅಂದುಬಿಟ್ಟೆ. ಅವರು ತಲೆಯಾಡಿಸಿದ ರೀತಿ ನೋಡಿದರೆ ನಂಬಿದಂತೆ ಕಾಣಲಿಲ್ಲ.

ಆ ಪುಟ ಮೂಡುವುದಕ್ಕೆ ಮೊದಲು ನಮ್ಮ ಮನೆಯಲ್ಲೇ ಒಂದು ಖರ್ಚು ಆಗಿತ್ತು, ಅದನ್ನು ಮೊದಲು ಹೇಳಿಬಿಡುತ್ತೇನೆ. ಆಗಿನ ಹುಡುಗರು ಕಂಪ್ಯೂಟರ್ ಸಿಂಗರಿಸುವುದು ಅಂದರೆ ತೆರೆಯ ಹಿಂದೆ ಸಚಿನ್ ತೆಂಡೂಲ್ಕರ್ ಚಿತ್ರ, ಮೌಸಿನ ಬಾಣದ ಜಾಗದಲ್ಲಿ ಕುಣಿಯುವ ಡೈನೋಸಾರು. ನನ್ನ ಹಟ ಬೇರೆ, ತೆರೆಯ ಮೇಲೆ ಕನ್ನಡ ಬರಬೇಕು. ವಿಂಡೋಸ್ 98 ಇದ್ದಾಗ ಯುನಿಕೋಡ್ ಕನ್ನಡ ಬರೀ ಚೌಕಗಳ ಸಾಲು. ಬರಹ, ನುಡಿ ತಂತ್ರಾಂಶ ಹಾಕಿಕೊಂಡರೆ ನಾವು ಟೈಪು ಮಾಡಿದ್ದು ಕಾಣುತ್ತಿತ್ತು, ಆದರೆ ಅದು ಅವುಗಳದೇ ಫಾಂಟಿನ ಲೋಕ. ವಿಂಡೋಸ್ ಎಕ್ಸ್‌ಪಿ ಜೊತೆ ‘ತುಂಗಾ’ ಫಾಂಟ್ ಬಂತು. ಬಂತು ಅಂದರೂ ಪೂರ್ತಿ ಬರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ, ‘ಸಂಕೀರ್ಣ ಲಿಪಿ’ಗಳಿಗೆ ಬೇಕಾದ ಕಡತ ಸೇರಿಸು ಎಂಬ ಚೌಕಕ್ಕೆ ಗುರುತು ಹಾಕಬೇಕು. ಗುರುತು ಹಾಕಿದ ಕೂಡಲೇ ಅದು ಎಕ್ಸ್‌ಪಿಯ ಸಿ.ಡಿ. ಕೇಳುತ್ತದೆ. ಅದಿಲ್ಲದಿದ್ದರೆ ‘ಸ್ತ್ರೀ’ ಎಂಬುದು ಸ, ತ, ರ ಎಂದು ಬಿಡಿಬಿಡಿಯಾಗಿ, ನಡುನಡುವೆ ಅರ್ಧಚಂದ್ರದಂತಹ ಗುರುತು ಸಿಕ್ಕಿಸಿಕೊಂಡು ನಿಲ್ಲುತ್ತಿತ್ತು. ಒತ್ತಕ್ಷರ ಒತ್ತಾಗದ ಕನ್ನಡ.

ಸಿ.ಡಿ. ನಮ್ಮಲ್ಲಿ ಇರಲಿಲ್ಲ. ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿಯವನ ಬಳಿ ಕಾರವಾರದಲ್ಲಿತ್ತು. ಅಂಕೋಲೆಯಿಂದ ಬಸ್ಸು ಹತ್ತಿ, ಹಾರವಾಡ, ಅಮದಳ್ಳಿ, ಬಿಣಗಾ ದಾಟಿ ಹೋಗಿ ಅದನ್ನು ಒಂದು ದಿನದ ಮಟ್ಟಿಗೆ ಇಸಿದುಕೊಂಡು ಬಂದೆ. ಮರುದಿನ ಹಿಂದಿರುಗಿಸಲು ಮತ್ತೆ ಬಸ್ಸು. ಕಾರವಾರದ ಸೈಬರ್ ಕೆಫೆಯೊಂದರಲ್ಲೂ ಇದೇ ಕೆಲಸ ಮಾಡಿ ಸಂತೋಷಪಟ್ಟಿದ್ದೆ. ಮರುವಾರ ಹೋದರೆ ಮತ್ತೆ ಚೌಕಗಳು. ಗಿರಾಕಿಗಳು ಹಾಳುಮಾಡಬಾರದೆಂದು ಯಂತ್ರ ಪ್ರತಿ ಸಲ ಚಾಲೂ ಆದಾಗಲೂ ಮೊದಲಿನ ಸ್ಥಿತಿಗೆ ಮರಳುವ ತಂತ್ರಾಂಶ ಹಾಕಿದ್ದರಂತೆ. ಅದರ ಕಣ್ಣಿಗೆ ಕನ್ನಡವೂ ಒಂದು ಹಾಳು.

ಈಗ ದೊಡ್ಡಪ್ಪನ ಪ್ರಶ್ನೆಗೆ ಬರೋಣ.

ಇಂಗ್ಲಿಷ್ ವಿಕಿಪೀಡಿಯ ಶುರುವಾದದ್ದು 2001ರ ಜನವರಿ 15ರಂದು. ಅದರ ಯಂತ್ರ, ಅಂತರ್ಜಾಲ ಎರಡರ ಖರ್ಚನ್ನೂ ಜಿಮ್ಮಿ ವೇಲ್ಸ್ ಅವರ ‘ಬೋಮಿಸ್’ ಎಂಬ ಕಂಪನಿ ಹೊತ್ತಿತ್ತು. ಕಂಪನಿ ಹೊತ್ತ ಮೇಲೆ ಒಂದಲ್ಲ ಒಂದು ದಿನ ಜಾಹೀರಾತಿನ ಮಾತು ಬರಬೇಕಷ್ಟೆ. 2002ರ ಆರಂಭದಲ್ಲಿ ಅಂಥ ಮಾತು ಸುಳಿದದ್ದೇ ಸ್ಪಾನಿಷ್ ಬರಹಗಾರರು ಸಿಟ್ಟಾಗಿ, ಬರೆದದ್ದನ್ನೆಲ್ಲ ನಕಲಿಸಿಕೊಂಡು ಬೇರೆ ಮನೆ ಮಾಡಿದರು. ‘ಎನ್ಸಿಕ್ಲೋಪೀಡಿಯ ಲಿಬ್ರೆ’ ಎಂಬ ಆ ಮನೆ ಕೆಲ ಕಾಲ ಮೂಲ ಮನೆಗಿಂತ ದೊಡ್ಡದೇ ಆಗಿತ್ತು. ಅದೇ ವರ್ಷ ವಿಕಿಪೀಡಿಯ ತನ್ನ ವಿಳಾಸದ ಬಾಲವನ್ನು ‘ಡಾಟ್ ಕಾಮ್’ನಿಂದ ‘ಡಾಟ್ ಆರ್ಗ್’ಗೆ ಬದಲಿಸಿತು. ನನ್ನ ಮಟ್ಟಿಗೆ ಈ ಸಂಸ್ಥೆಯ ಚರಿತ್ರೆಯಲ್ಲಿ ಅತಿ ದೊಡ್ಡ ತೀರ್ಮಾನ ಇದೇ. ಆಮೇಲಿನ ಬಡತನ, ಭಿಕ್ಷೆ, ಶ್ರೀಮಂತಿಕೆ ಎಲ್ಲ ಇದರ ಮರಿಗಳು.

2003ರ ಜೂನ್ 20ರಂದು ಲಾಭದ ಉದ್ದೇಶವಿಲ್ಲದ ವಿಕಿಮೀಡಿಯ ಫೌಂಡೇಶನ್ ಹುಟ್ಟಿತು. ಕನ್ನಡ ವಿಕಿಪೀಡಿಯ ತೆರೆದದ್ದೂ ಅದೇ ಜೂನ್‌ನಲ್ಲಿ. ತೊಟ್ಟಿಲು ಸಿಕ್ಕ ತಿಂಗಳೇ ಕೂಸು ಬಂದಂತಾಯಿತು, ತೊಟ್ಟಿಲು ಮಾತ್ರ ಗಟ್ಟಿಯಿರಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ, ಕ್ರಿಸ್ಮಸ್ಸಿನ ಹೊತ್ತಿಗೆ, ಸರ್ವರ್ ಕೈಕೊಟ್ಟಿತು. ಹೊಸ ಯಂತ್ರಗಳಿಗೆ 20,000 ಡಾಲರ್ ಬೇಕು ಎಂದು ಓದುಗರನ್ನೇ ಕೇಳಿದರು. ಕೆಲವೇ ದಿನಗಳಲ್ಲಿ ಅದಕ್ಕಿಂತ ಹೆಚ್ಚು ಬಂತು. 2004ರ ಜೂನ್‌ಗೆ ಮುಗಿದ ಮೊದಲ ಲೆಕ್ಕಪತ್ರದಲ್ಲಿ ಆದಾಯ 80,129 ಡಾಲರ್, ಖರ್ಚು 23,463. ಜಗತ್ತಿನ ಎಲ್ಲ ಭಾಷೆಗಳ ವಿಕಿಪೀಡಿಯಗಳಿಗೂ ಸೇರಿ ಇಷ್ಟೇ. ದೊಡ್ಡಪ್ಪನಿಗೆ ನಾನು ಕೊಟ್ಟ ‘ಅಮೆರಿಕದವರು’ ಎಂಬ ಉತ್ತರ ಅರ್ಧ ಸರಿ, ಅರ್ಧ ತಪ್ಪು. ಪೆಟ್ಟಿಗೆ ಅಮೆರಿಕದ್ದು, ಹಾಕಿದವರು ಎಲ್ಲೆಲ್ಲಿಯವರೋ.

ಆಮೇಲಿನ ಏರಿಕೆ ನೋಡಿ. ಮರುವರ್ಷವೇ ಖರ್ಚು 1,77,670 ಡಾಲರ್. 2006–07ರಲ್ಲಿ 20 ಲಕ್ಷ ದಾಟಿತು, 2009–10ರಲ್ಲಿ ಒಂದು ಕೋಟಿ ದಾಟಿತು. ಓದುಗರು ಹೆಚ್ಚಿದರು, ಹಾಗಾಗಿ ಖರ್ಚು ಹೆಚ್ಚಿತು ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದು. ಹಾಗೆ ಮುಗಿಸಿದರೆ ಮಜಾ ಇರುವ ಭಾಗವೇ ತಪ್ಪಿಹೋಗುತ್ತದೆ. ಓದುಗರಿಂದ ಆಗುವ ಖರ್ಚು ನಾವು ಊಹಿಸುವ ರೀತಿಯದಲ್ಲ.

ಬಂಡಿಹಬ್ಬದ ರಾತ್ರಿ ಅಂಕೋಲೆಯ ಚಾದಂಗಡಿಯನ್ನು ನೆನಪಿಸಿಕೊಳ್ಳಿ. ಗಾಜಿನ ಪೆಟ್ಟಿಗೆಯಲ್ಲಿ ಭಜೆ ರಾಶಿ ಹಾಕಿಟ್ಟಿರುತ್ತಾರೆ. ನೂರು ಜನ ಬಂದರೂ ಕೈಹಾಕಿ ಕೊಟ್ಟು ಕಳಿಸುವುದೇ. ಭಟ್ಟರಿಗೆ ತೊಂದರೆಯಿಲ್ಲ. ನೂರೊಂದನೆಯವನು ಬಂದು ‘ನನಗೆ ಈಗ ಕರಿದದ್ದು ಬೇಕು, ಅದಕ್ಕೆ ಖಾರ ಬೇರೆ’ ಅಂದನೋ, ಒಲೆ ಮುಂದೆ ನಿಲ್ಲಬೇಕು. ವಿಕಿಪೀಡಿಯದಲ್ಲೂ ಹೀಗೆ. ಸುಮ್ಮನೆ ಓದಲು ಬಂದವರಿಗೆ ಸಿದ್ಧಪಡಿಸಿ ಇಟ್ಟ ನಕಲೇ ಹೋಗುತ್ತದೆ. ಇದಕ್ಕೆ ‘ಕ್ಯಾಶ್’ ಅನ್ನುತ್ತಾರೆ, ದುಡ್ಡಿಗೂ ಇದಕ್ಕೂ ಸಂಬಂಧವಿಲ್ಲ, ಉಳಿತಾಯದ ಸಂಬಂಧ ಬಿಟ್ಟರೆ. ಬರೆಯುವವರು, ತಿದ್ದುವವರು ಒಳಗೆ ಪ್ರವೇಶಿಸಿದರೆ ಅವರಿಗೆ ಪ್ರತಿ ಪುಟವೂ ಬಿಸಿಬಿಸಿ ಕರಿದದ್ದೇ ಆಗಬೇಕು. ಅಂದರೆ ಬಿಟ್ಟಿ ಓದುವ ಸಾವಿರ ಮಂದಿಗಿಂತ ಬಿಟ್ಟಿ ಬರೆಯುವ ಒಬ್ಬ ಯಂತ್ರಕ್ಕೆ ಹೆಚ್ಚು ದುಬಾರಿ. ಈ ಮಾತು ಗೊತ್ತಾದಾಗ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

2009ರ ಜೂನ್ 25ರಂದು ಮೈಕೆಲ್ ಜಾಕ್ಸನ್ ತೀರಿಕೊಂಡ. ಜಗತ್ತೆಲ್ಲ ಒಂದೇ ಪುಟಕ್ಕೆ ಮುಗಿಬಿತ್ತು. ಬರೀ ಓದಿದ್ದರೆ ಗಾಜಿನ ಪೆಟ್ಟಿಗೆ ತಡೆದುಕೊಳ್ಳುತ್ತಿತ್ತು. ಆದರೆ ಅದೇ ಪುಟವನ್ನು ನಿಮಿಷನಿಮಿಷಕ್ಕೂ ತಿದ್ದುವವರಿದ್ದರು. ಪ್ರತಿ ತಿದ್ದುಪಡಿಗೂ ಹಳೆಯ ನಕಲು ರದ್ದು. ಪೆಟ್ಟಿಗೆ ಖಾಲಿಯಾದ ಆ ಕ್ಷಣದಲ್ಲಿ ಬಂದ ಸಾವಿರಾರು ಕೋರಿಕೆಗಳಿಗೆ ಅಡುಗೆಮನೆಯ ಎಲ್ಲ ಭಟ್ಟರೂ ಒಬ್ಬರಿಗೊಬ್ಬರು ಹೇಳದೆ ಅದೇ ಹಿಟ್ಟನ್ನು ಬೇರೆಬೇರೆ ಕಲಸತೊಡಗಿದರು. ವಿಕಿಪೀಡಿಯ ಕುಸಿಯಿತು. ಆಮೇಲೆ ಒಂದು ಚಿಕ್ಕ ಉಪಾಯ ಬರೆದರು. ಒಬ್ಬ ಭಟ್ಟ ಕರಿಯಲಿ, ಉಳಿದವರು ತಟ್ಟೆ ಹಿಡಿದು ಕಾಯಲಿ. ತಂತ್ರಜ್ಞರ ನಡುವೆ ಆ ತೊಂದರೆಗೆ ಇಂದಿಗೂ ಆ ಗಾಯಕನದೇ ಹೆಸರು.

ನಮ್ಮ ತಾಲ್ಲೂಕಿಗೂ ಇಂಥ ದಿನ ಬಂದದ್ದುಂಟು. 2021ರ ನವೆಂಬರ್‌ನಲ್ಲಿ ಹೊನ್ನಳ್ಳಿಯ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಪದ್ಮಶ್ರೀ ಪಡೆದ ಚಿತ್ರ ದೇಶದ ಮೊಬೈಲುಗಳನ್ನೆಲ್ಲ ಸುತ್ತಿತು. ಅದಕ್ಕೆ ನಾಲ್ಕು ವರ್ಷ ಮೊದಲು ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ಅದೇ ಗೌರವ ಸಂದಿತ್ತು. ಹಾಲಕ್ಕಿ ಒಕ್ಕಲಿಗರು ಯಾರು, ಅಂಕೋಲೆ ಎಲ್ಲಿದೆ ಎಂದು ಹುಡುಕುತ್ತ ಜನ ಬರುತ್ತಾರೆ. 2024ರ ಜುಲೈ 16ರಂದು ಶಿರೂರಿನ ಗುಡ್ಡ ಕುಸಿದು ಹೆದ್ದಾರಿಯ ಮೇಲೂ ಗಂಗಾವಳಿಯ ಒಳಕ್ಕೂ ಬಿದ್ದಾಗಲೂ ಹಾಗೆಯೇ. ಯಾವ ಶಿರೂರು, ಯಾವ ನದಿ? ಉಡುಪಿ ಜಿಲ್ಲೆಯ ಗಡಿಯಲ್ಲೂ ಒಂದು ಶಿರೂರು ಇದೆ, ಅದಲ್ಲ ಇದು ಎಂದು ಹೇಳುವ ಒಂದು ಸಾಲಿನ ಬೆಲೆ ಅಂಥ ದಿನ ತಿಳಿಯುತ್ತದೆ. ಆದರೆ ಖರ್ಚಿನ ಲೆಕ್ಕದಲ್ಲಿ ಈ ನೂಕುನುಗ್ಗಲು ಏನೂ ಅಲ್ಲ. ಒಂದೇ ಪುಟ, ಒಂದೇ ನಕಲು, ಸಾವಿರ ಕೈ.

ಕನ್ನಡದ ಪುಟಕ್ಕೆ ಇನ್ನೊಂದು ಭಾರವಿದೆ. ಯುನಿಕೋಡ್ ಅಕ್ಷರಗಳನ್ನು ಸಂಗ್ರಹಿಸುವ ರೂಢಿಯ ವಿಧಾನದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಚಿಹ್ನೆಗೆ ಮೂರು. ‘ಕಾರವಾರ’ ಬರೆಯಲು ಕ, ದೀರ್ಘ, ರ, ವ, ದೀರ್ಘ, ರ ಎಂದು ಆರು ಚಿಹ್ನೆ, ಹದಿನೆಂಟು ಬೈಟ್. ಇಂಗ್ಲಿಷಿನಲ್ಲಿ ಬರೆದರೂ ಆರೇ ಅಕ್ಷರ, ಆರೇ ಬೈಟ್. ‘ಅಂಕೋಲಾ’ದ ಲೆಕ್ಕವೂ ತದ್ರೂಪು, ಹದಿನೆಂಟಕ್ಕೆ ಆರು. ಸರ್ವರಿನವರಿಗೆ ಇದು ಲೆಕ್ಕಕ್ಕಿಲ್ಲ, ಕಳಿಸುವಾಗ ಒತ್ತಿ ಚಿಕ್ಕದು ಮಾಡಿಯೇ ಕಳಿಸುತ್ತಾರೆ. ಆದರೆ ಬೈಟ್ ಲೆಕ್ಕ ಇಟ್ಟುಕೊಂಡು ಲೇಖನದ ಗಾತ್ರ ಅಳೆಯುವ ಕಡೆ ಕನ್ನಡಕ್ಕೆ ಒಂದು ಪುಕ್ಕಟೆ ಗೌರವ ಸಿಕ್ಕಿತು. ಎರಡು ಸಾವಿರ ಬೈಟ್ ದಾಟಿದ ‘ಗಂಭೀರ ಲೇಖನ’ ಅಂದರೆ ನಮ್ಮಲ್ಲಿ ಏಳುನೂರು ಚಿಹ್ನೆಯೂ ಇಲ್ಲದ ಎರಡು ಪ್ಯಾರಾ. ಅದನ್ನು ನಂಬಿ ಬೀಗಿದವರಲ್ಲಿ ನಾನೂ ಒಬ್ಬ.

ಯಂತ್ರಗಳು ಎಲ್ಲಿದ್ದವು? ಬಹುಕಾಲ ಫ್ಲೋರಿಡಾದ ಟಾಂಪಾದಲ್ಲಿ. 2005ರ ಫೆಬ್ರುವರಿಯಲ್ಲಿ ಅಲ್ಲಿ ಕರೆಂಟು ಹೋಗಿ, ದತ್ತಾಂಶದ ಯಂತ್ರಗಳು ಸುಧಾರಿಸಿಕೊಳ್ಳಲು ಹೊತ್ತು ಹಿಡಿಯಿತು. ಕರೆಂಟು ಹೋದರೆ ಜ್ಞಾನಕೋಶ ನಿಲ್ಲುತ್ತದೆ ಎಂಬುದು ನಮ್ಮ ಕರಾವಳಿಯವರಿಗೆ ಆಶ್ಚರ್ಯದ ಸಂಗತಿಯಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಸೋಲ್‌ನಲ್ಲಿ ದಾನವಾಗಿ ಸಿಕ್ಕ ಯಂತ್ರಗಳಿದ್ದವು. 2013ರಲ್ಲಿ ಮುಖ್ಯ ಕೇಂದ್ರ ವರ್ಜೀನಿಯಾದ ಆಶ್‌ಬರ್ನ್‌ಗೆ ಹೋಯಿತು, ಆಮೇಲೆ ಟೆಕ್ಸಾಸಿನಲ್ಲಿ ಅದರ ಜೋಡಿ ಬಂತು. ಏಷ್ಯಾದ ಓದುಗರಿಗಾಗಿ ಸಿಂಗಪುರದಲ್ಲಿ ನಕಲಿನ ಕೇಂದ್ರ ತೆರೆದದ್ದು 2018ರಲ್ಲಿ. ಅಲ್ಲಿಯ ತನಕ ಕಾರವಾರದ ಹುಡುಗಿ ಕಾಳಿ ನದಿಯ ಬಗ್ಗೆ ಓದಲು ಸಮುದ್ರಗಳಾಚೆಯ ಯಂತ್ರ ತಟ್ಟಬೇಕಿತ್ತು. ಮಧ್ಯೆ, 2016ರಲ್ಲಿ, ಜಿಯೋ ಬಂದು ಡೇಟಾದ ದರ ನೆಲಕ್ಕಿಳಿಯಿತು. ಮನೆಯ ಡೆಸ್ಕ್‌ಟಾಪಿಗೆ ಕನ್ನಡ ತೊಡಿಸಲು ನಾನು ಪಟ್ಟ ಪಾಡು ಹೊಸಬರಿಗೆ ಕಥೆಯಂತೆ ಕೇಳಿಸತೊಡಗಿತು. ಅವರ ಫೋನಿನಲ್ಲಿ ಕನ್ನಡ ಹುಟ್ಟಿದಾಗಿನಿಂದಲೇ ಇದೆ.

ದುಡ್ಡಿನ ಕಡೆ ಮರಳಿದರೆ, ಇಲ್ಲಿ ನಾನು ಸ್ವಲ್ಪ ನಿಷ್ಠುರವಾಗಿ ಮಾತಾಡಬೇಕು. 2012–13ರಲ್ಲಿ ಫೌಂಡೇಶನ್ನಿನ ಒಟ್ಟು ಖರ್ಚು ಸುಮಾರು 3.6 ಕೋಟಿ ಡಾಲರ್, ಅದರಲ್ಲಿ ಯಂತ್ರಗಳನ್ನು ಅಂತರ್ಜಾಲದಲ್ಲಿ ಇಡುವ ಬಾಬ್ತು 25 ಲಕ್ಷ. ಹತ್ತು ವರ್ಷದ ನಂತರ, 2022–23ರಲ್ಲಿ, ಒಟ್ಟು ಖರ್ಚು 16.9 ಕೋಟಿ, ಯಂತ್ರಗಳ ಬಾಬ್ತು 31 ಲಕ್ಷ. ಸಂಬಳ ಹತ್ತು ಕೋಟಿಯ ಮೇಲೆ. ದೊಡ್ಡಪ್ಪ ಇದ್ದಿದ್ದರೆ ಈ ಎರಡು ಸಾಲಿನ ಕೆಳಗೆ ಕೆಂಪು ಗೆರೆ ಎಳೆಯುತ್ತಿದ್ದರು. ದೀಪ ಉರಿಸುವ ಎಣ್ಣೆಯ ಖರ್ಚು ಕೊಂಚವೇ ಏರಿದೆ, ದೇವಸ್ಥಾನದ ಆಡಳಿತದ್ದು ಐದು ಪಟ್ಟಿನ ಹತ್ತಿರ ಬಂದಿದೆ. ಪೂರ್ತಿ ತಪ್ಪು ಅನ್ನಲಾರೆ. ತಂತ್ರಜ್ಞರು, ವಕೀಲರು ಬೇಕು. ಕನ್ನಡ ಟೈಪಿಸುವ ಸೌಲಭ್ಯ ಪುಟದೊಳಗೇ ಬಂದದ್ದರಲ್ಲಿ ಸಂಬಳ ಪಡೆದವರ ಕೆಲಸವೂ ಇದೆ. ಆದರೆ ದೀಪ ಆರಿಹೋಗುತ್ತದೆ ಎಂಬ ಧ್ವನಿಯಲ್ಲಿ ಹಣ ಕೇಳುವುದು ಸರಿಯಲ್ಲ ಎಂದು 2022ರಲ್ಲಿ ಇಂಗ್ಲಿಷ್ ವಿಕಿಪೀಡಿಯದ ಬರಹಗಾರರೇ ತಕರಾರು ತೆಗೆದು, ಮನವಿಯ ಮಾತುಗಳನ್ನು ಬದಲಿಸುವಂತೆ ಮಾಡಿದರು. ನನ್ನ ಓಟು ಅವರ ಕಡೆಗೇ. ನಮ್ಮ ದೇಶದ ಓದುಗರ ಮುಂದೆ 2020ರಲ್ಲಿ ಆ ಮನವಿಯ ಪಟ್ಟಿ ಬಂದಾಗ ಕೇಳಿದ್ದು 150 ರೂಪಾಯಿ. ನಾನು ಕೊಟ್ಟೆ. ಕೊಟ್ಟ ಮೇಲೆ, ಇಷ್ಟು ವರ್ಷ ಬರೆದವನಿಗೆ ರಿಯಾಯಿತಿ ಇಲ್ಲವೇ ಅನಿಸಿದ್ದೂ ಸುಳ್ಳಲ್ಲ.

ಇದರಲ್ಲಿ ಕನ್ನಡದ ಪಾಲೆಷ್ಟು? ಹಾಗೊಂದು ಬಿಲ್ಲೇ ಇಲ್ಲ. ಮುನ್ನೂರಕ್ಕೂ ಹೆಚ್ಚು ಭಾಷೆಗಳು ಒಂದೇ ಮೀಟರಿನ ಕೆಳಗಿವೆ. ಕೂಡುಕುಟುಂಬದಲ್ಲಿ ಚಿಕ್ಕ ಮಗನ ಊಟಕ್ಕೆ ಬೇರೆ ಲೆಕ್ಕ ಇಡದ ಹಾಗೆ. ನಮ್ಮ ನಾಡಿನಲ್ಲಿ ಆದ ಖರ್ಚು ಬೇರೆ ಬಗೆಯದು. 2011ರಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾದ ವಿಕಿಮೀಡಿಯ ಇಂಡಿಯಾ 2019ರಲ್ಲಿ ಫೌಂಡೇಶನ್ನಿನ ಮಾನ್ಯತೆ ಕಳೆದುಕೊಂಡಿತು. 2012ರಿಂದ ಸೆಂಟರ್ ಫಾರ್ ಇಂಟರ್ನೆಟ್ ಆಂಡ್ ಸೊಸೈಟಿಯವರು ಭಾರತೀಯ ಭಾಷೆಗಳಿಗಾಗಿ ಕಾರ್ಯಾಗಾರ ನಡೆಸಿದರು. ಮಂಗಳೂರು, ಉಜಿರೆ, ಮೂಡಬಿದಿರೆಯ ಕಡೆ ಕಾಲೇಜುಗಳಲ್ಲಿ ಕೆಲಸ ಚೆನ್ನಾಗಿ ಹಿಡಿಯಿತು, 2016ರ ಫೆಬ್ರುವರಿಯಲ್ಲಿ ಹದಿಮೂರನೆಯ ವರ್ಷದ ಉತ್ಸವವೂ ಮಂಗಳೂರಿನಲ್ಲೇ ಆಯಿತು. ಅದೇ ವರ್ಷ ತುಳು ವಿಕಿಪೀಡಿಯ ತೆರೆಯಿತು. ಅದಕ್ಕೊಂದು ವರ್ಷ ಮೊದಲು ಕೊಂಕಣಿಯದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಕಾರವಾರಿಗರು ಕೊಂಕಣಿಯನ್ನು ದೇವನಾಗರಿಯಲ್ಲಿ ಬರೆಯಬೇಕೋ, ಕನ್ನಡದಲ್ಲೋ, ರೋಮಿಯಲ್ಲೋ ಎಂದು ಯೋಚಿಸುತ್ತ ಕೂತದ್ದೇ ಹೆಚ್ಚು. ದುಡ್ಡು ಸುರಿದು ಬೆಳೆಸಲು ನೋಡಿದ್ದೂ ಇದೆ. 2009ರ ಸುಮಾರಿಗೆ ಗೂಗಲ್ ಸಂಬಳದ ಅನುವಾದಕರಿಂದ ಕನ್ನಡವೂ ಸೇರಿ ಹಲವು ಭಾಷೆಗಳಿಗೆ ಇಂಗ್ಲಿಷ್ ಲೇಖನಗಳನ್ನು ತರಿಸಿತು. ಉದ್ದುದ್ದ ಲೇಖನಗಳು, ಉಸಿರುಗಟ್ಟುವ ವಾಕ್ಯಗಳು. ಬಂಗಾಳಿಗಳು ಬೇಡ ಅಂದರು. ನಾವು ಇಟ್ಟುಕೊಂಡೆವು, ಇನ್ನೂ ತಿದ್ದುತ್ತಿದ್ದೇವೆ.

ಈಗ ಮೀಟರು ಓಡಿಸುತ್ತಿರುವವರು ಮನುಷ್ಯರೇ ಅಲ್ಲ. ಕೃತಕ ಬುದ್ಧಿಮತ್ತೆಗೆ ಪಾಠ ಹೇಳಿಸಲು ಹೊರಟ, ‘ಬಾಟ್’ ಎಂಬ ತಾವಾಗಿ ಓಡುವ ತಂತ್ರಾಂಶಗಳು ಇಡೀ ವಿಕಿಪೀಡಿಯವನ್ನು ಗುಡಿಸಿಕೊಂಡು ಹೋಗುತ್ತಿವೆ. 2025ರ ಏಪ್ರಿಲ್‌ನಲ್ಲಿ ಫೌಂಡೇಶನ್ ಹೇಳಿದ ಲೆಕ್ಕ: 2024ರ ಜನವರಿಯಿಂದೀಚೆಗೆ ಚಿತ್ರ, ವಿಡಿಯೋಗಳನ್ನು ಇಳಿಸಿಕೊಳ್ಳಲು ಬೇಕಾದ ಸಾಮರ್ಥ್ಯ ಶೇ. 50ರಷ್ಟು ಏರಿದೆ, ಪುಟಗಳ ಓದಿನಲ್ಲಿ ಬಾಟ್‌ಗಳ ಪಾಲು ಶೇ. 35 ಮಾತ್ರ, ಆದರೆ ಅತಿ ದುಬಾರಿ ಕೋರಿಕೆಗಳಲ್ಲಿ ಶೇ. 65 ಅವುಗಳದು. ಯಾಕೆಂದರೆ ಮನುಷ್ಯರು ಎಲ್ಲರೂ ಓದಿದ್ದನ್ನೇ ಓದುತ್ತಾರೆ, ಅದು ಗಾಜಿನ ಪೆಟ್ಟಿಗೆಯಲ್ಲಿ ಸಿದ್ಧವಿರುತ್ತದೆ. ಬಾಟು ಮೂಲೆಮೂಲೆಯದನ್ನೂ ಕೇಳುತ್ತದೆ. ತಾಜಮಹಲಿನ ಪುಟವನ್ನು ಲಕ್ಷ ಜನ ಓದಿದರೆ ಹತ್ತಿರದ ನಕಲೇ ಸಾಕು. ಬೇಲೆಕೇರಿ, ಅವರ್ಸಾದಂಥ ಊರಿನ ಪುಟವನ್ನು ಯಾರೂ ಕೇಳದ ವಾರದಲ್ಲಿ ಒಂದು ಬಾಟು ಕೇಳಿದರೆ ಅಮೆರಿಕದ ಮುಖ್ಯ ಯಂತ್ರವೇ ಎದ್ದು ಕಡತ ತೆಗೆಯಬೇಕು. ಊರಿನವರು ಕೂಡ ಓದದ ನಮ್ಮ ಪುಟಗಳು ಕೊನೆಗೂ ದುಬಾರಿಯಾದವು.

ಆ ಪುಟಗಳ ಖರ್ಚೆಲ್ಲವೂ ಲೆಕ್ಕಪತ್ರದಲ್ಲಿ ಬಂದಿಲ್ಲ. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡಿನ ಒಂದು ಯೋಜನೆಯಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರ ತನಕ ಎಷ್ಟು ಬಳಸಿದರೂ ಲೆಕ್ಕಕ್ಕಿಲ್ಲ ಎಂದಿತ್ತು. ಅಲಾರಂ ಇಟ್ಟು ಏಳುತ್ತಿದ್ದೆ. ಫ್ಯಾನಿನ ಗಾಳಿಗೆ ಹಾರುವ ಕಾಗದದ ಮೇಲೆ ದೊಡ್ಡಪ್ಪನ ಕನ್ನಡಕದ ಡಬ್ಬಿ ಇಟ್ಟು, ಅವರು ಬರೆದುಕೊಟ್ಟ ಟಿಪ್ಪಣಿ ನೋಡಿ ಉಪ್ಪಿನ ಸತ್ಯಾಗ್ರಹದ ಬಗ್ಗೆ, ಕರಿ ಈಶಾಡು ಮಾವಿನ ಬಗ್ಗೆ ಟೈಪು ಮಾಡುತ್ತಿದ್ದೆ. ಫೋಟೋ ಒಂದನ್ನು ಏರಿಸಲು ಬಿಟ್ಟು ಅಂಗಳಕ್ಕೆ ಹೋಗಿ ಬಂದರೂ ಮುಗಿದಿರುತ್ತಿರಲಿಲ್ಲ. ನಾಲ್ಕರ ಹೊತ್ತಿಗೆ ದೊಡ್ಡಪ್ಪ ಕೆಮ್ಮುತ್ತ ಎದ್ದು ಬಂದು, “ಇನ್ನೂ ಕೂತ್ಕಂಡೇ ಇದ್ಯ?” ಅಂತ ಕೇಳಿ, ಹಿಂದೆ ಕುರ್ಚಿ ಎಳೆದುಕೊಂಡು ಕೂತು ಕಾಗುಣಿತ ತಿದ್ದಿಸುತ್ತಿದ್ದರು.

ಈ ಲೇಖನಕ್ಕಾಗಿ ಮೊನ್ನೆ ಆ ಕಾಲದ ಚರ್ಚಾಪುಟವೊಂದನ್ನು ತೆರೆದೆ. ನನ್ನ ಸಹಿಯ ಪಕ್ಕ ರಾತ್ರಿ 8:40 ಎಂದಿದೆ, ತಾರೀಕು ಹಿಂದಿನ ದಿನದ್ದು. ಆಗಿನ ಸಹಿಗಳಲ್ಲಿ ಗ್ರೀನಿಚ್ಚಿನ ವೇಳೆ ಬೀಳುತ್ತಿತ್ತು, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ನೋಡಿದವರು ಊಟಕ್ಕೆ ಮುಂಚೆ ಆರಾಮಾಗಿ ಕೂತು ಬರೆದ ಅಂದುಕೊಂಡಾರು.